ಬೆಂಕಿ ಎಷ್ಟು ಹೊತ್ತು ನಿಂತಿತು?

ಮೂರು ಹಲಗೆ, ಒಂದಿಷ್ಟು ಹಳೆಯ ಪೇಪರ್, ಕಟ್ಟಲು ತಂತಿ, ಪಕ್ಕದಲ್ಲಿ ಎರಡು ಬಕೆಟ್ ನೀರು. ಹಲಗೆಯ ಮೈಯನ್ನು ಸುಟ್ಟು ಕಪ್ಪು ಮಾಡುವ ಜಪಾನಿನ ಯಾಕಿಸುಗಿ ಕಸುಬಿಗೆ ಬೇಕಾದದ್ದು ಇಷ್ಟೇ. ಸುಗಿ ಎಂಬ ಜಪಾನಿನ ಸೀಡರ್ ಮರದ ಹಲಗೆಗಳನ್ನು ಉದ್ದುದ್ದಕ್ಕೆ ಒಂದಕ್ಕೊಂದು ಆನಿಸಿ ತ್ರಿಕೋನದ ಕೊಳವೆ ಮಾಡುತ್ತಾರೆ. ಸುಡಬೇಕಾದ ಮೈ ಒಳಗಡೆಗೆ ಇರುತ್ತದೆ. ಎರಡು ಮೂರು ಕಡೆ ತಂತಿಯನ್ನೋ ಒದ್ದೆ ಹುಲ್ಲಿನ ಹಗ್ಗವನ್ನೋ ಬಿಗಿದು, ಕೆಳತುದಿಯಲ್ಲಿ ಗಾಳಿ ನುಗ್ಗಲು ಸಣ್ಣ ಸಂದು ಬಿಟ್ಟು, ಪೇಪರ್ ತುರುಕಿ ಹೊತ್ತಿಸಿ, ಕೊಳವೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಒಳಗಿನ ಬಿಸಿಗಾಳಿ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೇಲಿನ ಬಾಯಿಂದ ಆಳೆತ್ತರದ ಜ್ವಾಲೆ ಭೋರ್ಗರೆದು ಏಳುತ್ತದೆ. ಕೆಲವೇ ನಿಮಿಷ. ತಂತಿ ಬಿಚ್ಚಿ ಹಲಗೆಗಳನ್ನು ನೆಲಕ್ಕೆ ಕೆಡವಿ ನೀರು ಸುರಿದರೆ, ಮೇಲೆ 3ರಿಂದ 5 ಮಿಲಿಮೀಟರ್ ದಪ್ಪದ ಇದ್ದಿಲಿನ ಪದರ, ಅದರ ಕೆಳಗೆ ಏನೂ ಆಗದ ಮರ.

ಸೇಟೋ ಒಳಸಮುದ್ರದ ಸುತ್ತಲಿನ ಒಕಯಾಮಾ, ಕಾಗವಾ ಕಡೆಯ ಹಳೆಯ ಮನೆಗಳ ಹೊರಗೋಡೆಗೆ ಇಂಥ ಹಲಗೆಗಳನ್ನೇ ಹೊದಿಸಿರುತ್ತಾರೆ. ನವೋಶಿಮಾ ದ್ವೀಪದ ಹೊನ್ಮುರಾ ಊರಿನ ಓಣಿಗಳಲ್ಲಿ ಎರಡೂ ಕಡೆ ಕಾಣುವ ಕಪ್ಪು ಗೋಡೆಗಳು ಇವೇ. ಉಪ್ಪುಗಾಳಿ, ಬಿಸಿಲು, ಮಳೆಗೆ ಮೈಯೊಡ್ಡಿ ನಿಲ್ಲಲಿ ಎಂದು ಹುಟ್ಟಿದ ಕೆಲಸ, ಈಗ ಜಗತ್ತಿನ ಉದ್ದಗಲಕ್ಕೂ ಕಲೆಯಾಗಿ ಹಬ್ಬಿದೆ. ವಾಸ್ತುಶಿಲ್ಪಿ ತೆರುನೊಬು ಫುಜಿಮೊರಿ 2007ರಲ್ಲಿ ನಾಗಾನೋದಲ್ಲಿ ಕಟ್ಟಿದ ಯಾಕಿಸುಗಿ ಮನೆ, ಇದು ಬರೀ ಹಳ್ಳಿಗಾಡಿನ ಗೋಡೆಯಲ್ಲ ಎಂದು ಹೊಸಬರಿಗೆ ತೋರಿಸಿಕೊಟ್ಟ ಕೆಲಸಗಳಲ್ಲಿ ಒಂದು.

ಈ ಕಸುಬನ್ನು ನೋಡುವವರಿಗೆ ಮೊದಲು ಕಾಣುವುದು ಜ್ವಾಲೆಯ ಎತ್ತರ. ಆದರೆ ಹಲಗೆ ಉಳಿಯುವುದೋ ಕೆಡುವುದೋ ನಿರ್ಧಾರವಾಗುವುದು ಬೆಂಕಿ ಅದರ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದರಿಂದ. ಕಾಡಿನ ಬೆಂಕಿಯನ್ನೂ ಹೀಗೇ ನೋಡಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಕಾರಣ ಮರದೊಳಗೇ ಇದೆ.

ಮರ ನೇರವಾಗಿ ಹೊತ್ತಿಕೊಳ್ಳುವುದಿಲ್ಲ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಳಗಿನ ನೀರು ಆವಿಯಾಗುತ್ತದೆ. ಮರದ ಮೈ ಮುಖ್ಯವಾಗಿ ಹೆಮಿಸೆಲ್ಯುಲೋಸ್, ಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ವಸ್ತುಗಳದ್ದು. 220 ದಾಟಿದ ಮೇಲೆ ಹೆಮಿಸೆಲ್ಯುಲೋಸ್ ಒಡೆಯತೊಡಗುತ್ತದೆ, 315ರಿಂದ 400 ಡಿಗ್ರಿಯ ನಡುವೆ ಸೆಲ್ಯುಲೋಸ್ ಒಡೆದು ಅನಿಲವಾಗುತ್ತದೆ. ನಮಗೆ ಕಾಣುವ ಜ್ವಾಲೆ ಈ ಅನಿಲ ಉರಿಯುವುದು. ಲಿಗ್ನಿನ್ ನಿಧಾನವಾಗಿ ಒಡೆಯುತ್ತದೆ, ಇದ್ದಿಲಾಗಿ ಉಳಿಯುವುದರಲ್ಲಿ ಹೆಚ್ಚಿನ ಪಾಲು ಅದರದ್ದೇ. ಹೀಗೆ ಉಳಿದ ಇದ್ದಿಲು ಶಾಖವನ್ನು ಒಳಕ್ಕೆ ಬಿಡಲು ಸತಾಯಿಸುತ್ತದೆ. ಹಾಗಾಗಿ ಮೊದಲ ಮಿಲಿಮೀಟರ್ ಬೇಗ ಸುಟ್ಟರೂ ಮುಂದಿನದು ತಡವಾಗುತ್ತದೆ. ಯೂರೋಪಿನ ಕಟ್ಟಡ ಸಂಹಿತೆ ಪೈನ್‌ನಂಥ ಮೆದು ಮರಕ್ಕೆ ನಿಮಿಷಕ್ಕೆ 0.65 ಮಿಲಿಮೀಟರ್, ಸಾಂದ್ರವಾದ ಗಟ್ಟಿ ಮರಕ್ಕೆ 0.5 ಮಿಲಿಮೀಟರ್ ಎಂದು ಲೆಕ್ಕ ಹಾಕುತ್ತದೆ. ಅಂದರೆ ಬೆಂಕಿ ಬಿದ್ದ ಕಟ್ಟಡದ ದಪ್ಪ ಪೈನ್ ತೊಲೆಯೊಂದು ಅರ್ಧ ಗಂಟೆಯಲ್ಲಿ ಪ್ರತಿ ಮೈಯಿಂದ ಸುಮಾರು 20 ಮಿಲಿಮೀಟರ್ ಕಳೆದುಕೊಳ್ಳುತ್ತದೆ, ಮಿಕ್ಕ ಮರ ಭಾರ ಹೊತ್ತುಕೊಂಡೇ ಇರುತ್ತದೆ. ತೊಲೆ ದಪ್ಪವಿದ್ದಷ್ಟೂ ಅದಕ್ಕೆ ಕಾಲಾವಕಾಶ ಹೆಚ್ಚು.

ಇಲ್ಲಿ ಮಾಡುವವರಿಗೆ ಮೊದಲ ಪ್ರಶ್ನೆ ಯಾವ ಮರ ಎನ್ನುವುದು. ಸುಗಿ ಹಗುರ ಮರ, ಘನ ಮೀಟರಿಗೆ 350ರಿಂದ 400 ಕೆ.ಜಿ. ಅದರ ವರ್ಷವರ್ಷದ ಉಂಗುರಗಳಲ್ಲಿ ವಸಂತದ ಮೆದು ಭಾಗ ಬೇಗ ಸುಡುತ್ತದೆ, ಬೇಸಿಗೆ ಕೊನೆಯ ಗಟ್ಟಿ ಗೆರೆ ಉಳಿಯುತ್ತದೆ. ಸುಟ್ಟ ಮೇಲೆ ಬ್ರಷ್ ಹಾಕಿದರೆ ಆ ಗೆರೆಗಳು ಉಬ್ಬಾಗಿ ಎದ್ದು ಬರುವುದು ಇದರಿಂದಲೇ. ನಮ್ಮ ಕಡೆ ಇದಕ್ಕೆ ಹತ್ತಿರವಾದದ್ದು ಪ್ಯಾಕಿಂಗ್ ಪೆಟ್ಟಿಗೆಗೆ ಬರುವ ಪೈನ್. ಕಾಫಿ ತೋಟದ ಸಿಲ್ವರ್ ಓಕ್‌ನಲ್ಲೂ ಕೆಲಸ ನಡೆಯುತ್ತದೆ, ಆದರೆ ಅದರ ಚೆಲುವು ಬೇರೆ. ಅಲ್ಲಿ ಉಬ್ಬು ಗೆರೆಗಳ ಬದಲು ಚುಕ್ಕೆ ಚುಕ್ಕೆಯ ವಿನ್ಯಾಸ ಕಾಣುತ್ತದೆ. ತೇಗ ಸಾಂದ್ರ ಮರ. ಅದರ ಮೇಲೆ ಇದ್ದಿಲು ತೆಳುವಾಗಿ ಕೂರುತ್ತದೆ, ಅಷ್ಟು ಬೆಲೆಯ ಮರವನ್ನು ಇದಕ್ಕೆ ಸುಡುವುದರಲ್ಲಿ ಅರ್ಥವೂ ಇಲ್ಲ. ಪ್ಲೈವುಡ್ ಬೇಡವೇ ಬೇಡ. ಮೇಲಿನ ಪದರ ತೆಳು, ಕೆಳಗಿನ ಅಂಟು ಬಿಟ್ಟುಕೊಳ್ಳುತ್ತದೆ, ಹೊಗೆಯೂ ಕೆಟ್ಟದ್ದು. ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಹಸಿರು ಛಾಯೆಯ ಮರವನ್ನಂತೂ ಯಾವ ಕಾರಣಕ್ಕೂ ಸುಡಬಾರದು. ಅದರಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಇದೆ, ಅದು ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ.

ಹಲಗೆ 20 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಸೊಟ್ಟಗಾಗುವುದು ಹೆಚ್ಚುಕಡಿಮೆ ಖಚಿತ. ಒಂದೇ ಮೈ ಸುಟ್ಟಾಗ ಆ ಕಡೆಯ ತೇವ ಹಾರಿ ಮರ ಕುಗ್ಗುತ್ತದೆ, ಹಿಂಬದಿ ಹಾಗೇ ಉಳಿಯುತ್ತದೆ. ಅಂಚುಗಳು ಸುಟ್ಟ ಕಡೆಗೆ ಮೇಲೆದ್ದು ನಡು ತಗ್ಗುತ್ತದೆ. ಸುಟ್ಟ ತಕ್ಷಣ ಹಿಂಬದಿಯನ್ನೂ ಗ್ಯಾಸ್ ಟಾರ್ಚಿನ ಜ್ವಾಲೆಯಿಂದ ತೆಳುವಾಗಿ ಕಂದು ಬಣ್ಣ ಬರುವಷ್ಟು ಕಾಯಿಸಿ, ನಡುನಡುವೆ ರೀಪು ಕೊಟ್ಟು ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ ಎರಡು ದಿನ ಬಿಟ್ಟರೆ ಬಹುಪಾಲು ಸರಿಹೋಗುತ್ತದೆ. ಮರದ ತೇವ 12ರಿಂದ 15 ಶೇಕಡಾ ಇರಬೇಕು. ಹಸಿಮರವಾದರೆ ಟಾರ್ಚಿನ ಅರ್ಧ ಶಾಖ ನೀರು ಕಾಯಿಸುವುದಕ್ಕೇ ಹೋಗುತ್ತದೆ, ಮೇಲ್ಮೈ ಒಂದೊಂದು ಕಡೆ ಒಂದೊಂದು ಥರ ಸುಡುತ್ತದೆ, ಒಣಗಿದ ಮೇಲೆ ಕರಿಯ ಮೈ ಸೀಳಿ ಬಿಳಿ ಬಿರುಕು ಕಾಣುತ್ತದೆ.

ಕೊಳವೆ ಕಟ್ಟುವ ಬದಲು ಈಗ ಹೆಚ್ಚಿನವರು ಬಳಸುವುದು ತಾರಸಿಗೆ ವಾಟರ್‌ಪ್ರೂಫ್ ಹಾಳೆ ಅಂಟಿಸುವವರ ಗ್ಯಾಸ್ ಟಾರ್ಚ್. ಹಲಗೆಯನ್ನು ಇಟ್ಟಿಗೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮೇಲಿಟ್ಟು, ಮೂತಿಯನ್ನು 10ರಿಂದ 15 ಸೆಂಟಿಮೀಟರ್ ದೂರದಲ್ಲಿ, ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದು ಮರದ ಎಳೆಯ ದಿಕ್ಕಿನಲ್ಲೇ ಸಾಗಿಸಬೇಕು. ಕೈ ಒಂದೇ ಕಡೆ ನಿಲ್ಲಬಾರದು. ಗಡಿಯಾರಕ್ಕಿಂತ ಮರದ ಮೈ ನೋಡುವುದು ಮೇಲು. ಮೊದಲು ಜೇನಿನ ಬಣ್ಣ, ಆಮೇಲೆ ಕಡುಕಂದು, ಆಮೇಲೆ ಹೊಳೆಯುವ ಕಪ್ಪು. ಇನ್ನೂ ಬಿಟ್ಟರೆ ಹೊಳಪು ಹೋಗಿ ಮಂಕಾಗುತ್ತದೆ, ಸಣ್ಣ ಅಡ್ಡ ಬಿರುಕುಗಳು ಮೂಡುತ್ತವೆ, ಆಳವಾಗಿ ಸುಟ್ಟರೆ ಮೊಸಳೆ ಚರ್ಮದಂಥ ಚೌಕುಳಿ ಏಳುತ್ತದೆ. ಒಳಾಂಗಣದ ಫಲಕಕ್ಕೆ ಹೊಳೆಯುವ ಕಪ್ಪಿನ ಹಂತದಲ್ಲಿ ನಿಲ್ಲಿಸಿ ಬ್ರಷ್ ಹಾಕುವುದು ಒಳ್ಳೆಯದು, ಮೊಸಳೆ ಚೌಕುಳಿ ಮುಟ್ಟಿದರೆ ಉದುರಿ ಬಟ್ಟೆಗೆ ಹತ್ತುತ್ತದೆ. ಹೊರಗೋಡೆಗೆ ಆ ದಪ್ಪ ಪದರವೇ ಬೇಕು, ಅದನ್ನು ಉಜ್ಜಬಾರದು.

ಬ್ರಷ್ ಹಾಕುವಾಗ ಎನ್95 ಮಾಸ್ಕ್ ಇರಲಿ. ಇದ್ದಿಲ ಪುಡಿ ಬಹಳ ನಯ, ಗಂಟಲಿಗಿಂತ ಆಳಕ್ಕೆ ಇಳಿಯುತ್ತದೆ. ಸ್ಟೀಲ್ ವೈರ್ ಬ್ರಷ್‌ನಿಂದ ಎಳೆಯ ದಿಕ್ಕಿನಲ್ಲಿ ಉಜ್ಜಿ, ನೀರು ಹಾಯಿಸಿ ತೊಳೆದು, ಒಂದೆರಡು ದಿನ ನೆರಳಲ್ಲಿ ಒಣಗಿಸಿ ಅಗಸೆ ಎಣ್ಣೆ ಹಚ್ಚಬೇಕು. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆದು, ಮರುದಿನ ಇನ್ನೊಂದು ಸಲ.

ಈ ಕೆಲಸದಲ್ಲಿ ನಿಜವಾದ ಅಪಾಯ ಟಾರ್ಚ್ ಆರಿಸಿದ ಮೇಲೆ ಶುರುವಾಗುತ್ತದೆ. ಗಂಟಿನ ಸುತ್ತ, ಬಿರುಕಿನ ಒಳಗೆ, ಹಲಗೆಯ ತುದಿಯಲ್ಲಿ ಕೆಂಡ ಜ್ವಾಲೆಯಿಲ್ಲದೆ, ಹೊಗೆಯೂ ಹೆಚ್ಚಿಲ್ಲದೆ ಗಂಟೆಗಟ್ಟಲೆ ಬದುಕಿರುತ್ತದೆ. ಸಂಜೆ ಶೆಡ್ಡಿಗೆ ಸೇರಿಸಿದ ಹಲಗೆ ನಡುರಾತ್ರಿ ಹೊತ್ತಿಕೊಳ್ಳುವುದು ಹೀಗೆ. ನೀರು ಸುರಿದ ಮೇಲೂ ಒಂದೆರಡು ಗಂಟೆ ಹಲಗೆಗಳನ್ನು ಬಯಲಲ್ಲೇ ಬಿಡಿಬಿಡಿಯಾಗಿ ಇಟ್ಟು, ಗಂಟುಗಳ ಮೇಲೆ ಅಂಗೈಯ ಹಿಂಬದಿ ಹತ್ತಿರ ಹಿಡಿದು ಬಿಸಿ ನೋಡಬೇಕು. ಎಣ್ಣೆ ಒರೆಸಿದ ಬಟ್ಟೆಯದ್ದು ಇನ್ನೊಂದು ಕಥೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜತೆ ಸೇರಿ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೋಗಲು ದಾರಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಿಡಿಸಿ ಬಯಲಲ್ಲಿ ಒಂಟಿಯಾಗಿ ಹರವಿ ಒಣಗಿಸಿ ಆಮೇಲೆ ಎಸೆಯಬೇಕು. ಮಲೆನಾಡಿನಲ್ಲಿ ಮರ ಸರಿಯಾಗಿ ಒಣಗಿರುವ ತಿಂಗಳುಗಳು, ಜನವರಿಯಿಂದ ಏಪ್ರಿಲ್, ಬೆಟ್ಟದ ಹುಲ್ಲೂ ಒಣಗಿರುವ ತಿಂಗಳುಗಳೇ. ಮೂರು ಮೀಟರ್ ಸುತ್ತ ತರಗೆಲೆ ಗುಡಿಸಿ, ಗಾಳಿ ಏಳುವ ಮೊದಲು ಬೆಳಿಗ್ಗೆಯೇ ಕೆಲಸ ಮುಗಿಸುವುದು ಒಳ್ಳೆಯದು.

ಸುಟ್ಟ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ, ನೂರು ವರ್ಷ ಬಾಳುತ್ತದೆ ಎಂದು ಮಾರುವವರ ಮಾತನ್ನು ಪೂರ್ತಿ ನಂಬಬೇಡಿ. ದಪ್ಪ ಇದ್ದಿಲು ಬಿಸಿಲಿನ ಅತಿನೇರಳೆ ಕಿರಣ ತಡೆಯುತ್ತದೆ, ಇದ್ದಿಲಿನಲ್ಲಿ ಶಿಲೀಂಧ್ರಕ್ಕೆ ತಿನ್ನಲು ಸಿಗುವುದು ಕಡಿಮೆ, ಇದು ನಿಜ. ಆದರೆ ಟಾರ್ಚಿನಲ್ಲಿ ಒಂದು ಸುತ್ತು ಕಪ್ಪು ಮಾಡಿದ ಹಲಗೆಯ ಹಿಂಬದಿ, ತುದಿ, ಮೊಳೆಯ ತೂತು ಎಲ್ಲ ಸುಡದೇ ಉಳಿದಿರುತ್ತವೆ, ಗೆದ್ದಲು ಬರುವುದು ಅಲ್ಲಿಂದ. ಬೇಲಿ ಗೂಟದ ಬುಡ ಸುಟ್ಟು ಹೂಳುವ ರೂಢಿಗೂ ಇದೇ ಮಿತಿ. ಒಣಗುತ್ತಾ ಗೂಟ ಸೀಳಿದರೆ ಬಿರುಕು ಇದ್ದಿಲನ್ನು ದಾಟಿ ಒಳಮರಕ್ಕೆ ದಾರಿ ತೆರೆಯುತ್ತದೆ. ಜಪಾನಿನ ಗೋಡೆಗಳು ದೀರ್ಘ ಬಾಳುವುದರಲ್ಲಿ ಬೆಂಕಿಯ ಪಾಲಿನಷ್ಟೇ ದೊಡ್ಡ ಪಾಲು ಮುಂಚಾಚಿದ ಸೂರಿನದು, ಹಲಗೆಯ ಹಿಂದೆ ಗಾಳಿ ಆಡಲು ಬಿಟ್ಟ ಸಂದಿನದು.

ಇದೇ ಸುಡುವಿಕೆಯನ್ನು ಶಿಲ್ಪಕ್ಕೆ ತಂದವರಲ್ಲಿ ವೇಲ್ಸ್‌ನ ಬ್ಲೈನೈ ಫೆಸ್ಟಿನಿಯೋಗ್‌ನಲ್ಲಿ ನೆಲೆ ನಿಂತ ಡೇವಿಡ್ ನ್ಯಾಶ್ ದೊಡ್ಡವರು. 1945ರಲ್ಲಿ ಹುಟ್ಟಿದವರು. ಬಿದ್ದ, ಸಾಯುತ್ತಿರುವ ಮರಗಳ ಇಡೀ ದಿಮ್ಮಿಯನ್ನೇ ಚೈನ್‌ಸಾದಲ್ಲಿ ಕಡೆದು, ಅದರ ಮೈಯನ್ನು ಬೆಂಕಿಯಲ್ಲಿ ಕರಿ ಮಾಡುತ್ತಾರೆ. ಮರದ ಶಿಲ್ಪದಲ್ಲಿ ಕಣ್ಣು ಮೊದಲು ಮರವನ್ನು ಹಿಡಿಯುತ್ತದೆ, ಬಣ್ಣ, ಎಳೆ, ಗಂಟು. ಸುಟ್ಟ ಮೇಲೆ ಅವೆಲ್ಲ ಹಿಂದೆ ಸರಿದು ಆಕಾರವೇ ಎದುರಿಗೆ ಬರುತ್ತದೆ ಎಂಬುದು ಅವರ ತಿಳಿವಳಿಕೆ. ಸುಟ್ಟ ಮೈ ಬೆಳಕನ್ನು ನುಂಗುವುದರಿಂದ ದೂರದಿಂದ ಅದರ ಆಳ ಅಂದಾಜಿಗೆ ಸಿಗುವುದಿಲ್ಲ, ಹತ್ತಿರ ಹೋಗಲೇಬೇಕು. ಹಸಿ ದಿಮ್ಮಿ ಒಣಗುತ್ತಾ ಸೀಳಿದರೆ ಕಪ್ಪಿನ ನಡುವೆ ಮರದ ತಿಳಿಬಣ್ಣ ಇಣುಕುತ್ತದೆ. ಅದು ಬೇಡವೆನ್ನುವವರು ದಿಮ್ಮಿ ಪೂರ್ತಿ ಸೀಳಲು ಬಿಟ್ಟು, ಆಮೇಲೆ ಸಣ್ಣ ಮೂತಿಯ ಟಾರ್ಚಿನಿಂದ ಬಿರುಕಿನೊಳಗೆ ಇನ್ನೊಮ್ಮೆ ಸುಡಬೇಕು.

ಇನ್ನು ಕಾಡಿಗೆ ಬರೋಣ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಒಣ ಎಲೆಯುದುರುವ ಕಾಡಿನಲ್ಲಿ ಕರಿಮತ್ತಿಯ ಮರ ಕಂಡರೆ ಒಂದು ನಿಮಿಷ ಹತ್ತಿರ ನಿಂತು ಅದರ ತೊಗಟೆ ನೋಡಿ. ಆಳವಾದ ಉದ್ದ ಸೀಳು, ಅಡ್ಡ ಸೀಳು, ನಡುವೆ ಎದ್ದ ಚೌಕಗಳು. ಆಳವಾಗಿ ಸುಟ್ಟ ಹಲಗೆಯ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ತಬ್ಬಿಬ್ಬಾಗುವಷ್ಟು ಒಂದೇ ವಿನ್ಯಾಸ. ಕಾರಣ ಮಾತ್ರ ತದ್ವಿರುದ್ಧ. ಹಲಗೆಯಲ್ಲಿ ಇದ್ದಿಲು ಕುಗ್ಗಿ ಸೀಳುತ್ತದೆ, ಮತ್ತಿಯಲ್ಲಿ ಒಳಗಿನ ಕಾಂಡ ದಪ್ಪವಾಗುತ್ತಾ ಸತ್ತ ಹೊರತೊಗಟೆಯನ್ನು ಸೀಳಿಸುತ್ತದೆ. ಕೆಲಸವಂತೂ ಎರಡೂ ಕಡೆ ಶಾಖ ತಡೆಯುವುದೇ.

ತೊಗಟೆಯ ಕೆಳಗೆ ಮರದ ಜೀವಂತ ಪದರ, ಕೇಂಬಿಯಂ, ಇದೆ. ಅದು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಯುತ್ತದೆ. ಅಲ್ಲಿಗೆ ಶಾಖ ತಲುಪಲು ಹಿಡಿಯುವ ಹೊತ್ತು ತೊಗಟೆಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅರಣ್ಯಶಾಸ್ತ್ರದಲ್ಲಿ ಬಳಸುವ ಒಂದು ಸೂತ್ರದ ಪ್ರಕಾರ 1 ಸೆಂಟಿಮೀಟರ್ ತೊಗಟೆಗೆ ಸುಮಾರು 2.9 ನಿಮಿಷ, 2 ಸೆಂಟಿಮೀಟರಿಗೆ ಸುಮಾರು 11.6 ನಿಮಿಷ, ಅರ್ಧ ಸೆಂಟಿಮೀಟರಿಗೆ ಮುಕ್ಕಾಲು ನಿಮಿಷಕ್ಕಿಂತ ಕಡಿಮೆ. ದಪ್ಪ ಎರಡು ಪಟ್ಟಾದರೆ ಸಿಗುವ ಹೊತ್ತು ನಾಲ್ಕು ಪಟ್ಟು. ಆದ್ದರಿಂದಲೇ ಒಂದೇ ಬೆಂಕಿಯಲ್ಲಿ ದೊಡ್ಡ ಮತ್ತಿ, ಕವಲು, ಹೊನ್ನೆ ಉಳಿದು, ಪಕ್ಕದ ಬೆರಳುಗಾತ್ರದ ಸಸಿಗಳು ಬುಡದವರೆಗೆ ಸಾಯುತ್ತವೆ. ಅವುಗಳಲ್ಲಿ ಹಲವು ಬೇರಿನಿಂದ ಮತ್ತೆ ಚಿಗುರುತ್ತವೆ, ಆದರೆ ಪ್ರತಿವರ್ಷ ಬೆಂಕಿ ಬಿದ್ದರೆ ತೊಗಟೆ ದಪ್ಪವಾಗುವಷ್ಟು ವಯಸ್ಸು ಅವಕ್ಕೆ ಎಂದೂ ಬರುವುದಿಲ್ಲ. ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಗಳದ್ದು ಸಾಮಾನ್ಯವಾಗಿ ತೆಳು ತೊಗಟೆ. ಅಲ್ಲಿ ಸಣ್ಣ ನೆಲಬೆಂಕಿಯೂ ದೊಡ್ಡ ಮರಗಳನ್ನು ಕೊಲ್ಲಬಲ್ಲದು. 'ಕಾಡಿಗೆ ಬೆಂಕಿ ಒಳ್ಳೆಯದು' ಎಂದೋ 'ಕೆಟ್ಟದ್ದು' ಎಂದೋ ಯಾರಾದರೂ ಹೇಳಿದರೆ, ಯಾವ ಕಾಡು ಎಂದು ಮೊದಲು ಕೇಳಬೇಕು.

ತರಗೆಲೆ ಮತ್ತು ಹುಲ್ಲು ಮಾತ್ರ ಉರಿದರೆ ಬೆಂಕಿ ಒಂದು ಮರದ ಬುಡವನ್ನು ಸ್ವಲ್ಪ ಹೊತ್ತಿನಲ್ಲಿ ದಾಟಿಹೋಗುತ್ತದೆ. ಗಾಳಿಯ ಎದುರು ಮೈಗಿಂತ ಮರೆಯ ಮೈಯಲ್ಲಿ ಜ್ವಾಲೆ ಸುಳಿಯಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಗಾಗಿ ಸುಟ್ಟ ಗಾಯ ಸಾಮಾನ್ಯವಾಗಿ ಆ ಕಡೆಯೇ. ಬುಡಕ್ಕೆ ಒರಗಿ ಬಿದ್ದ ಒಣ ದಿಮ್ಮಿಯೊಂದು ಇದ್ದರಂತೂ ಲೆಕ್ಕವೇ ಬೇರೆ. ಅದು ದಿನಗಟ್ಟಲೆ ಕೆಂಡವಾಗಿ ಉರಿದು ಎಷ್ಟು ದಪ್ಪ ತೊಗಟೆಯನ್ನಾದರೂ ಬೇಯಿಸಿಬಿಡುತ್ತದೆ. ಹಲಗೆಯ ಗಂಟಿನೊಳಗೆ ಉಳಿಯುವ ಕೆಂಡಕ್ಕೂ ಇದಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ. ಗಾಯವಾದ ಮರ ಸಾಯದಿದ್ದರೆ ಮುಂದಿನ ವರ್ಷಗಳಲ್ಲಿ ಅಕ್ಕಪಕ್ಕದಿಂದ ಹೊಸ ಮರ ಸುರುಳಿಯಾಗಿ ಬೆಳೆದು ಗಾಯ ಮುಚ್ಚಲು ನೋಡುತ್ತದೆ. ಅಡ್ಡ ಕೊಯ್ದು ನೋಡಿದರೆ ಯಾವ ಉಂಗುರದಲ್ಲಿ ಬೆಂಕಿ ಬಿತ್ತು ಎಂದು ವರ್ಷ ಲೆಕ್ಕ ಹಾಕಬಹುದು. ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೋಯಾ ಮರಗಳಲ್ಲಿ ಹೀಗೆ ಸುಮಾರು 3,000 ವರ್ಷಗಳ ಬೆಂಕಿಯ ಇತಿಹಾಸ ಓದಿದ್ದಾರೆ.

ಆ ಸಿಕ್ವೋಯಾಗಳ ತೊಗಟೆ 60 ಸೆಂಟಿಮೀಟರ್‌ವರೆಗೂ ದಪ್ಪ. ಬೆಂಕಿಯ ಶಾಖಕ್ಕೆ ಅವುಗಳ ಕಾಯಿ ಬಿರಿದು ಬೀಜ ಉದುರುತ್ತದೆ. ಶತಮಾನಗಟ್ಟಲೆ ಸಣ್ಣ ಬೆಂಕಿಗಳಲ್ಲಿ ಬದುಕಿದ ಮರಗಳಿವು. ಅಲ್ಲಿನ ಮೂಲನಿವಾಸಿಗಳು ಹಚ್ಚುತ್ತಿದ್ದ ಬೆಂಕಿಯೂ ಅದರಲ್ಲಿ ಸೇರಿತ್ತು. ನೂರಕ್ಕೂ ಹೆಚ್ಚು ವರ್ಷ ಎಲ್ಲ ಬೆಂಕಿಯನ್ನೂ ಆರಿಸುತ್ತಾ ಬಂದದ್ದರಿಂದ ಕೆಳಗೆ ಉರುವಲು ಪೇರಿತು, ಜತೆಗೆ ಬಿಸಿಲು, ಬರ ಹೆಚ್ಚಿತು. 2020ರ ಕ್ಯಾಸಲ್ ಎಂಬ ಕಾಡ್ಗಿಚ್ಚೊಂದರಲ್ಲೇ ಜಗತ್ತಿನ ದೊಡ್ಡ ಸಿಕ್ವೋಯಾಗಳಲ್ಲಿ ಶೇಕಡಾ 10ರಿಂದ 14 ಸತ್ತವು ಎಂದು ಅಂದಾಜು.

ನಮ್ಮಲ್ಲಿ ಇದರ ಮಗ್ಗುಲಿಗೆ ಇಡಬೇಕಾದದ್ದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿ. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತಂಪು ಇರುವಾಗ, ತರಗೆಲೆಗಷ್ಟೇ ಹಚ್ಚುವ ಬೆಂಕಿ. ಹುಲ್ಲು ಚಿಗುರುತ್ತಿತ್ತು, ಓಡಾಡಲು ದಾರಿ ತೆರವಾಗುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬದನಿಕೆ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಸೋಲಿಗರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಈ ರೂಢಿ ನಿಂತಿತು. ಆಮೇಲೆ ಹೊರದೇಶದಿಂದ ಬಂದ ಲಂಟಾನಾ ಎಂಬ ಪೊದೆಗಿಡ ಹಬ್ಬಿತು. 1997 ಮತ್ತು 2008ರಲ್ಲಿ ಅದೇ ಜಾಗಗಳನ್ನು ಅಳೆದ ಸಂಶೋಧಕರಿಗೆ, ಲಂಟಾನಾ ಇದ್ದ ನೆಲದ ತುಣುಕುಗಳು ಹೆಚ್ಚುಕಡಿಮೆ ಎರಡು ಪಟ್ಟಾಗಿದ್ದು ಕಂಡಿತು. ಬೆಂಕಿ ನಿಂತದ್ದೊಂದೇ ಕಾರಣ ಎಂದು ಹೇಳಲಾಗದು. ಲಂಟಾನಾ ಸುಟ್ಟ ಮೇಲೂ ಬುಡದಿಂದ ಚಿಗುರುವ ಗಿಡ, ದೊಡ್ಡ ಬೆಂಕಿ ತೆರೆದ ಜಾಗವನ್ನೂ ಅದೇ ಮೊದಲು ಹಿಡಿಯುತ್ತದೆ. ಆದರೆ ಸೋಲಿಗರ ಮಾತನ್ನು ದಶಕಗಟ್ಟಲೆ ಕಿವಿಗೇ ಹಾಕಿಕೊಳ್ಳದ್ದು ತಪ್ಪು ಎನ್ನಲು ನನಗೆ ಹಿಂಜರಿಕೆಯಿಲ್ಲ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಮೊದಲ ಸಲ.

ಈಗ ಹಳೆಯ ತರಗು ಬೆಂಕಿಯನ್ನು ಹಾಗೇ ಹಚ್ಚಲೂ ಆಗುವುದಿಲ್ಲ. ಮೊಣಕಾಲೆತ್ತರದ ಹುಲ್ಲಿನ ಜಾಗದಲ್ಲಿ ಆಳು ಮೀರಿದ ಲಂಟಾನಾ ಪೊದೆ ನಿಂತಿದೆ. ಅದರ ಕಡ್ಡಿ ಹುಲ್ಲಿನಂತೆ ಕ್ಷಣದಲ್ಲಿ ಉರಿದು ಮುಗಿಯುವುದಿಲ್ಲ, ಜ್ವಾಲೆಯನ್ನು ಕೊಂಬೆಗೆ ಏರಿಸುತ್ತದೆ, ಬುಡದಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತದೆ. 2019ರ ಫೆಬ್ರುವರಿ ಕೊನೆಯಲ್ಲಿ ಬಂಡೀಪುರದಲ್ಲಿ ಐದು ದಿನಗಳಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಿತು. ಒಣಗಿದ ಲಂಟಾನಾ ಅದಕ್ಕೆ ದೊಡ್ಡ ಉರುವಲಾಗಿತ್ತು. ಬೆಂಕಿ ರೇಖೆ ಕಡಿದು, ಹಸಿ ಸೊಪ್ಪಿನ ಕೊಂಬೆ ಹಿಡಿದು ನೆಲಬೆಂಕಿಯನ್ನು ಬಡಿದಾರಿಸುವ ಫೈರ್ ವಾಚರ್‌ಗಳು ಇಂಥ ಬೆಂಕಿಯ ಹತ್ತಿರಕ್ಕೂ ಹೋಗಲಾರರು.

ಮರದ ಕೆಲಸ ಮಾಡುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಕಾಡಿನ ಬೆಂಕಿಯಲ್ಲಿ ಸುಟ್ಟ ಮರವನ್ನೇ ತಂದು ಶಿಲ್ಪ ಮಾಡುವ ಆಸೆ ಹಲವರಿಗಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಒಣಗಿದ, ಗಾಳಿಗೆ ಬಿದ್ದ ಮರವನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ಆದೇಶಿಸಿದೆ. ಅದು ಸರಿಯಾದ ಆದೇಶ. ಬುಡ ಸುಟ್ಟು ಟೊಳ್ಳಾದ ಮರ ಗೂಬೆಗೆ, ಮರಕುಟಿಗಕ್ಕೆ, ಹಾರುವ ಅಳಿಲಿಗೆ ಮನೆ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್, ಸಾಮಿಲ್‌ನ ಅಂಚು ಹಲಗೆ, ಹಳೆ ಪ್ಯಾಕಿಂಗ್ ಪೆಟ್ಟಿಗೆ, ಕಪ್ಪು ಮಾಡಲು ಇಷ್ಟು ಸಾಕು.

ಕಾಡಿನಿಂದ ಹೊರಗೆ ತರಬೇಕಾದ ಕಟ್ಟಿಗೆ ಇದ್ದರೆ ಅದು ಲಂಟಾನಾ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ, ಕಪಾಟು ಮಾಡುತ್ತಾರೆ. ನೀಲಗಿರಿಯ ಕಡೆಯ ಕುಶಲಿಗಳು ನಿಜಗಾತ್ರದ ಆನೆಗಳನ್ನೇ ಕಟ್ಟಿದ್ದಾರೆ. ನೇರವಾದ, ಹೆಬ್ಬೆರಳು ಗಾತ್ರದ ಕಡ್ಡಿಗಳನ್ನು ಆರಿಸಿ, ದೊಡ್ಡ ಕಡಾಯಿಯಲ್ಲಿ ಕುದಿಸಿ, ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ಆಗಲೇ ಬೇಕಾದ ಕಡೆ ಬಗ್ಗಿಸಬೇಕು. ಆರಿದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಕುದಿಸದೆ ಬಳಸಿದರೆ ಹುಳ ಹಿಡಿದು ಪುಡಿ ಉದುರುತ್ತದೆ.

ಬರೀ ಕಡ್ಡಿ ಕಡಿದು ತಂದರೆ ಕಾಡಿಗೆ ಉಪಕಾರವಾಗುವುದಿಲ್ಲ, ಬುಡ ಹತ್ತಾಗಿ ಚಿಗುರುತ್ತದೆ. ನೆಲಮಟ್ಟಕ್ಕಿಂತ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡವನ್ನು ಎತ್ತಿ ತಲೆಕೆಳಗಾಗಿ ಇಟ್ಟು ಒಣಗಲು ಬಿಡಬೇಕು. ಹೂವು ಕಾಯಾಗುವ ಮೊದಲು ಮಾಡಿದರೆ ಬೀಜ ಚೆಲ್ಲುವುದಿಲ್ಲ. ತೆರವಾದ ಜಾಗಕ್ಕೆ ಆ ಮಳೆಗಾಲದಲ್ಲೇ ಸ್ಥಳೀಯ ಹುಲ್ಲಿನ ಬೀಜ ಎರಚಿ, ಮಣ್ಣಿನಲ್ಲಿ ಉಳಿದ ಬೀಜದಿಂದ ಏಳುವ ಸಸಿಗಳನ್ನು ಮುಂದಿನ ಕೆಲವು ಮಳೆಗಾಲ ಕೈಯಿಂದಲೇ ಕೀಳುತ್ತಿರಬೇಕು.